ಅಮ್ಮನ ನಗೆಮಾತು ಕಂಪನಿಗೆ ಹೋದ ದಾರಿ

ಮತ್ತಿಗಿರಿ, ಹೊಸೂರು ತಾಲೂಕು
೨೨–೨–೨೦೨೬, ಭಾನುವಾರ

ತಂಗಿ ಸುಧಾಳಿಗೆ,

ನಿನ್ನ ಅಕ್ಕ ವರಲಕ್ಷ್ಮಿ ಬರೆಯುವುದು. ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಾವು ಕ್ಷೇಮ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇದಕ್ಕೆ ಮೊದಲು ಬರೆದದ್ದನ್ನು ಓದಿದರೆ ಬಾರುಕೋಲಿನಲ್ಲಿ ಹೊಡೆದ ಹಾಗಿತ್ತು, ಹರಿದು ಒಲೆಗೆ ಹಾಕಿದೆ. ಇದೂ ಮೆತ್ತಗೇನಿಲ್ಲ.

ಫೋನಿರುವಾಗ ಕಾಗದ ಯಾಕೆ ಅನ್ನುತ್ತೀಯ. ನಾನು ಕೇಳಬೇಕಾದ್ದನ್ನು ಕೇಳಿದ ಕೂಡಲೇ ನಿನ್ನ ಹಾಸ್ಟೆಲಿನಲ್ಲಿ ಸಿಗ್ನಲ್ ಹೋಗುತ್ತದೆ. ಮೆಸೇಜು ಹಾಕೋಣವೆಂದರೆ, ಅದನ್ನು ಇನ್ನು ಯಾರ್ಯಾರು ಓದುತ್ತಾರೋ ಎಂಬ ಅನುಮಾನ. ಒಡಹುಟ್ಟಿದವಳಿಗೆ ಬರೆಯುವಾಗ ಇಂಥ ಅನುಮಾನ ಬರಬಾರದು. ಬಂದಿದೆ.

ಅಮ್ಮನ ಕೆಲಸ ಹೋದದ್ದು ನಿನಗೆ ಗೊತ್ತು. ಪಕ್ಕದ ಮನೆ ಹನುಮಕ್ಕನದೂ ಎದುರು ಮನೆ ರಮಾದೇವಿಯದೂ ಅದೇ ಬೆಳಿಗ್ಗೆ ಹೋಯಿತು. ಗೇಟಿನ ಮಿಷನ್ನಿಗೆ ಕಾರ್ಡು ತೋರಿಸಿದರೆ ಕೆಂಪು ದೀಪ. ಸೆಕ್ಯುರಿಟಿಯವನು "ಕಾಂಟ್ರಾಕ್ಟ್ ಮುಗೀತಂತೆ, ವ್ಯಾನ್ ಹತ್ತಿ" ಅಂದನಂತೆ. ಕಾರುಗಳಿಗೆ ವೈರು ಕಟ್ಟಿ ಕಟ್ಟಿ ಬೆರಳು ಸವೆಸಿಕೊಂಡ ಹೆಂಗಸರಿಗೆ ಕಂಪನಿ ಒಂದು ಮಾತು ಖರ್ಚು ಮಾಡಲಿಲ್ಲ. ಇದನ್ನು ಫೋನಿನಲ್ಲಿ ಹೇಳಿದ್ದೇನೆ. ಅದರ ಹಿಂದಿನ ದಿನ ನಡೆದದ್ದನ್ನು ಹೇಳಿಲ್ಲ. ಹೇಳಬೇಡ ಎಂದು ಅಮ್ಮ ನನ್ನ ಬಾಯಿ ಕಟ್ಟಿದ್ದಳು.

ಸಂಕ್ರಾಂತಿ ರಜೆಗೆ ನೀನು ಬಂದದ್ದು ನೆನಪಿಸಿಕೊ. ನಮ್ಮ ಜಗಲಿಯ ಮೇಲೆ ಬೀದಿಯ ಹೆಂಗಸರೆಲ್ಲ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನೀನು ಕಾಲೇಜಿನ ಟ್ಯಾಬ್ ತಂದು ನಡುವೆ ಕೂತೆ. ಬಿಸಿನೆಸ್ ಅನಲಿಟಿಕ್ಸ್ ಅಂದರೆ ಏನು ಎಂದು ಹನುಮಕ್ಕ ಕೇಳಿದಳು. ಆದದ್ದರ ಲೆಕ್ಕ ಇಟ್ಟುಕೊಂಡು ಮುಂದೆ ಆಗುವುದನ್ನು ಹೇಳುವುದು ಅಂದೆ.

"ಅಂಗಾರೆ ಗಿಣಿಶಾಸ್ತ್ರ ಅನ್ನು. ಎಲ್ಲೈತಮ್ಮ ನಿನ್ ಗಿಣಿ?"

ಹನುಮಕ್ಕನ ಮಾತಿಗೆ ನೀನೂ ನಕ್ಕೆ. ಆಮೇಲೆ ಒಂದೊಂದೇ ಪ್ರಶ್ನೆ. ಮನೆಯಲ್ಲಿ ಕಾಯಿಲೆಯವರು ಇದ್ದಾರಾ? ದೂರ ಹೋಗುವುದಿದೆಯಾ? ಹನುಮಕ್ಕ, ಅತ್ತೆಯ ಮಂಡಿ ಆಪರೇಷನ್ನಿಗೆ ಕೃಷ್ಣಗಿರಿಗೆ ಹೋಗಿ ಇರಬೇಕು ಅಂದಳು. ರಮಾದೇವಿ ತಲೆ ತಗ್ಗಿಸಿಕೊಂಡು, ಎರಡನೇ ಮಗು ಬೇಕು ಅಂತ ಮನೇಲಿ ಒತ್ತಾಯ ಅಂದಳು. ಸೂಪರ್‌ವೈಸರ್ ಕೇಳಿದ್ದರೆ ಬಾಯಿ ಬಿಡುತ್ತಿದ್ದರಾ? ಕೇಳಿದವಳು ನಮ್ಮಮ್ಮ ಗೋವಿಂದಮ್ಮನ ಮಗಳು, ಅದಕ್ಕೆ ಬಿಟ್ಟರು. ಅಮ್ಮನ ಸರದಿ ಬಂತು. ಮುಂದಿನ ವರ್ಷದೊಳಗೆ ಮಗುವಿನ ಯೋಚನೆ ಇದೆಯಾ ಎಂದು ಓದಿ ನೀನೇ ನಾಲಿಗೆ ಕಚ್ಚಿಕೊಂಡೆ. ಅಮ್ಮ ಬಿಡುತ್ತಾಳಾ?

"ಬರ್ಕೊಳೇ, ಹೂ ಅಂತ ಬರ್ಕೊ. ಅದೂ ಅವಳಿ ಜವಳಿ! ನಿಮ್ಮಪ್ಪ ಮ್ಯಾಗ್ಲಿಂದ ಒಂದಿನ ರಜಾ ಹಾಕ್ಕೊಂಡು ಬಂದ್ರೆ ಇಲ್ಲೇ ತೊಟ್ಲು ಕಟ್ಬುಡಾನ!"

ಅವರೆಕಾಯಿ ಮೊರ ಮಗುಚಿಹೋಗುವಷ್ಟು ನಕ್ಕೆವು. ನೀನು ನಗುತ್ತಲೇ ಟ್ಯಾಬಿನ ಮೇಲೆ ಬೆರಳು ಒತ್ತಿದ್ದನ್ನು ನಾನು ನೋಡಿದೆ. ಏನು ಒತ್ತಿದೆ ಎಂದು ನೋಡಲಿಲ್ಲ.

ಅಮ್ಮನ ಕಾರ್ಡಿಗೆ ಕೆಂಪು ದೀಪ ಬೀಳುವ ಹಿಂದಿನ ದಿನ ಕೆಲಸದ ಮಧ್ಯೆ ಅವಳನ್ನು ಆಫೀಸಿಗೆ ಕರೆಸಿದರು. ಎಚ್‌ಆರ್ ಹುಡುಗಿ, ನಿನ್ನ ವಯಸ್ಸಿನವಳೇ, ಕಂಪ್ಯೂಟರ್ ನೋಡಿಕೊಂಡು ತಮಿಳಿನಲ್ಲಿ, "ಎನ್ನಮ್ಮಾ, ಮಾಸಮಾ ಇರುಕ್ಕೀಂಗಳಾ?" ಅಂದಳಂತೆ. ಬಸುರಿಯಾ ಎಂದು ಕೇಳಿದ್ದು. ಗಂಡ ಸತ್ತು ಏಳು ವರ್ಷವಾದ ನಲವತ್ತೆಂಟರ ಹೆಂಗಸನ್ನು! ಅಮ್ಮ ಮೊದಲು ನಕ್ಕಳಂತೆ, ಇವಳಿಗೂ ತಮಾಷೆ ಬರುತ್ತದಲ್ಲ ಎಂದು. ಆ ಹುಡುಗಿ ನಗಲಿಲ್ಲ. "ನಮ್ ಯಜಮಾನ್ರು ಇಲ್ಲ ತಾಯಿ" ಅಂದಳು ಅಮ್ಮ. ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಸುರೇಂದ್ರ ಬಾಯಿ ಹಾಕಿದ: "ಯಜಮಾನ್ರು ಇಲ್ದಿದ್ರೇನಮ್ಮ, ಸಿಸ್ಟಮ್‌ನಾಗೆ ಐತಲ್ಲ. ಸಿಸ್ಟಮ್ ಸುಳ್ಳು ಹೇಳ್ತದಾ?"

ಆ ಮಾತು ಅಮ್ಮನಿಗಿಂತ ಮುಂಚೆ ಕೆಲಸದ ಲೈನಿಗೆ ಮುಟ್ಟಿತ್ತು. ಸಂಜೆ ವ್ಯಾನಿನಲ್ಲಿ ಯಾರೋ ಹಿಂದಿನ ಸೀಟಿನಿಂದ ಹುಣಸೆಕಾಯಿ ಬೇಕಾ ಅಂದರಂತೆ. ಅಂದಿನಿಂದ ಅಮ್ಮ ನಲ್ಲಿಯ ಹತ್ತಿರ ಹೋಗುವುದು ಎಲ್ಲರೂ ನೀರು ಹಿಡಿದು ಹೋದ ಮೇಲೆ. ಅವಳ ಬಾಯಿಗೆ ಹೆದರುತ್ತಿದ್ದ ಬೀದಿ, ಸುಧಾ, ಇದು.

ಈಗ ಕೇಳುತ್ತೇನೆ. ಆ ಮಾತು ಆಡಿದ್ದು ನಮ್ಮ ಜಗಲಿಯಲ್ಲಿ. ಕಂಪನಿಗೆ ಯಾವ ದಾರಿಯಲ್ಲಿ ಹೋಯಿತು? ಹನುಮಕ್ಕ, ರಮಾದೇವಿ ಹೊತ್ತುಕೊಂಡು ಹೋಗಿ ಚಾಡಿ ಹೇಳಿದರು ಅನ್ನೋಣವೆಂದರೆ ಅವರೂ ಬೀದಿಗೆ ಬಿದ್ದಿದ್ದಾರೆ. ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರಬಾರದು, ಎದುರಿನದನ್ನೂ ನೋಡಬೇಕು ಎಂದು ಸಂಶೋಧನೆಯ ಪಾಠವನ್ನು ನನಗೆ ಉತ್ಸಾಹದಿಂದ ಹೇಳಿದ್ದವಳು ನೀನು. ನೋಡಿದೆ. ಅವತ್ತು ಹಬ್ಬಕ್ಕೆಂದು ಬೇರಿಕೆ ಊರಿಗೆ ಹೋಗಿದ್ದರಿಂದ ನಿನ್ನ ಟ್ಯಾಬಿಗೆ ಸಿಗದಿದ್ದ, ಅದೇ ಕಂಪನಿಯ ಹೆಂಗಸರ ಮನೆಮನೆಗೆ ನಾನು ಹೋದೆ. ಅವರಲ್ಲೂ ಒಬ್ಬಳು ಮಗುವಿಗೆ ಕಾಯುತ್ತಿದ್ದಾಳೆ, ಒಬ್ಬಳ ಮನೆಯಲ್ಲಿ ಕಾಯಿಲೆ ಇದೆ. ಅವರೆಲ್ಲ ಕೆಲಸದಲ್ಲೇ ಇದ್ದಾರೆ. ಕಷ್ಟ ಇದ್ದವರು ಹೋಗಲಿಲ್ಲ. ಕಷ್ಟ ನಿನಗೆ ಹೇಳಿಕೊಂಡವರು ಹೋದರು.

"ಹೆಸರು ಯಾರ್ದೂ ಬರ್ದಿಲ್ಲ ಅಕ್ಕ, ಅದು ನಮ್ ನಿಯಮ" ಅಂದೆ ಫೋನಿನಲ್ಲಿ. ಹೆಸರು ಬರೆಯಲಿಲ್ಲ, ಕಂಪನಿ ಕಾರ್ಡಿನ ಟೋಕನ್ ನಂಬರು ಬರೆದುಕೊಂಡೆ. ಆ ಗೇಟಿನೊಳಗೆ ಯಾವ ಹೆಂಗಸಿಗೆ ಹೆಸರಿದೆ ಹೇಳು? ಅಮ್ಮನ ದುಡಿಮೆಯಲ್ಲಿ ಓದಿದವಳಿಗೆ ಇದು ಗೊತ್ತಿರಲಿಲ್ಲ ಅಂದರೆ ನಂಬಲೇ? ಆಮೇಲೆ, "ಡೇಟಾ ಇರೋದು ಗೈಡ್ ಹತ್ರ" ಅಂದೆ. ಇನ್ನೊಂದಿಷ್ಟು ಒತ್ತಿದರೆ, "ಪ್ರಾಜೆಕ್ಟ್ ಕೊಟ್ಟಿದ್ದೇ ಕಂಪನಿಯೋರು, ಎಲ್ರೂ ಹಂಗೇ ಮಾಡ್ತಾರೆ" ಅಂದೆ. ಒಂದೇ ಫೋನಿನಲ್ಲಿ ಮೂರು ಬಾಗಿಲು ತೆರೆದು ಮೂರನ್ನೂ ಮುಚ್ಚಿದೆ. ಅಂದರೆ ಜಗಲಿಯಲ್ಲಿ ಕೂತಾಗಲೇ ಪ್ರಶ್ನೆ ಯಾರದು ಎಂದು ನಿನಗೆ ಗೊತ್ತಿತ್ತು. ಒಬ್ಬರಿಗಾದರೂ ಹೇಳಿದೆಯಾ?

ಬಸುರಿಗೆ ರಜೆ ಕೊಡಬೇಕು ಎಂದು ಕಾನೂನಿದೆ. ಬಸುರಿಯಾಗುವ ಮುಂಚೆಯೇ ಆಚೆ ಹಾಕಿದರೆ ಯಾವ ಕಾನೂನೂ ಕೇಳುವುದಿಲ್ಲ. ಇದಕ್ಕೆ ಮುಂದಾಲೋಚನೆ ಎಂದು ಹೆಸರು, ಅದಕ್ಕೊಂದು ಡಿಗ್ರಿ! ನಮ್ಮ ಹೆಂಗಸರ ಸಂಘದವರೂ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದ್ದೇವೆ. ಯಾರಿಗಾಗಿ ಕೇಳುತ್ತಿದ್ದೇವೆ ಎಂದು ಮೊದಲು ಹೇಳುತ್ತೇವೆ. ಸಿಕ್ಕಿದ್ದನ್ನು ಅದೇ ಜಗಲಿಗೆ ತಂದು ಓದುತ್ತೇವೆ. ತಿರುಗಿ ಬಂದು ಹೇಳುವುದನ್ನು ನಿಮಗೆ ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ?

ಹೊಂದದ ಉತ್ತರಗಳನ್ನು ಮೊದಲು ಆರಿಸಿ ತೆಗೆಯಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದು ಅಮ್ಮನಿಗೆ ನೀನೇ ವಿವರಿಸಿದ್ದೆ. ವಿಧವೆ, ವಯಸ್ಸು ನಲವತ್ತೆಂಟು, ಮಗು ಬೇಕು. ಈ ಕಲ್ಲು ನಿನ್ನ ಕಣ್ಣಿಗೆ ಬೀಳಲಿಲ್ಲವಾ? ಅಥವಾ ಆರಿಸಲು ಪುರಸೊತ್ತಿಲ್ಲದಷ್ಟು ಆತುರವಾಗಿ ಯಾರಿಗೆ ಕಳಿಸಿದೆ?

ಇನ್ನೂ ಒಂದು. ಕೆಲಸ ಹೋಗುವ ಮುಂಚಿನ ವಾರ ಕ್ಯಾಂಟೀನಿನ ಟಿವಿಯಲ್ಲಿ ನಿನ್ನ ಫೋಟೋ ಬಂತಂತೆ. ಪ್ರಾಜೆಕ್ಟಿಗೆಂದು ಕಂಪನಿ ಸಾಹೇಬರ ಕೈಯಿಂದ ನೀನು ಶೀಲ್ಡು ತೆಗೆದುಕೊಳ್ಳುತ್ತಿದ್ದೆ. "ನಮ್ ಸುಧಾ ಕಣ್ರೇ!" ಎಂದು ಚಪ್ಪಾಳೆ ಹೊಡೆದವಳು ಹನುಮಕ್ಕ. ಶೀಲ್ಡು ತೆಗೆದುಕೊಂಡ ದಿನ ನೀನು ಹೊಸೂರಿಗೇ ಬಂದಿದ್ದೆ. ಒಂದು ಆಟೋ ಹತ್ತಿದ್ದರೆ ಮನೆ. ಬರಲಿಲ್ಲ. ನಾಚಿಕೆಯಾ, ಅವಸರವಾ, ಇಲ್ಲ ಅಲ್ಲೇ ಒಂದು ಕುರ್ಚಿ ಹಾಕಿಕೊಡುತ್ತೇವೆ ಅಂದರಾ? ಗೊತ್ತಿಲ್ಲ. ಗೊತ್ತಿಲ್ಲದ ಕಡೆಯೆಲ್ಲ ನನಗೆ ಕೆಟ್ಟದ್ದೇ ಕಾಣುತ್ತಿದೆ.

ಬರುವ ಭಾನುವಾರ ಹನುಮಕ್ಕನ ಮನೆ ಮುಂದೆ ಸಂಘ ಸೇರುತ್ತದೆ. ಸೋಮವಾರ ಕೃಷ್ಣಗಿರಿಗೆ ಹೋಗಿ ಲೇಬರ್ ಆಫೀಸಿನಲ್ಲಿ ದೂರು ಕೊಡುತ್ತೇವೆ. ಕಾಂಟ್ರಾಕ್ಟ್ ಮುಗಿಯಿತು, ಅಷ್ಟೇ ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ. ಪ್ರಶ್ನೆ ಅವರು ಕೊಟ್ಟದ್ದು, ಉತ್ತರ ಅವರಿಗೆ ಮುಟ್ಟಿದ್ದು ಎಂದು ಹೇಳಬಲ್ಲವಳು ನೀನೊಬ್ಬಳು. ನೀನು ಬಂದು ಹೇಳಿದರೆ ಈ ಮೂವರಿಗೆ ಒಂದು ದಾರಿ ಇದೆ. ಮುಂದಿನ ತಿಂಗಳು ನಿನ್ನ ವೈವಾ ಇದೆ, ಗೈಡು ಸಿಟ್ಟಾದರೆ ಡಿಗ್ರಿಗೇ ಕುತ್ತು ಬರಬಹುದು. ತಿಳಿದೇ ಕೇಳುತ್ತಿದ್ದೇನೆ. ವೈವಾ ಮುಗಿಯಲಿ ಅನ್ನಬೇಡ. ಬರುತ್ತೀಯೋ ಇಲ್ಲವೋ, ಅಷ್ಟು ಹೇಳು. ಬರದಿದ್ದರೆ ದೂರಿನಲ್ಲಿ ಕಂಪನಿಯ ಜೊತೆ ನಿನ್ನ ಹೆಸರನ್ನೂ ನಾನೇ ಬರೆಯುತ್ತೇನೆ.

ಊಟ ಬಿಡಬೇಡ. ನಿನ್ನ ಓದು ಯಾವತ್ತಾದರೂ ನಮ್ಮ ಪಕ್ಕ ನಿಲ್ಲಲಿ. ಇಂದಿಗೆ ಈ ಅಕ್ಕನ ಹಾರೈಕೆ ಇಷ್ಟೇ.

ನಿನ್ನ ಅಕ್ಕ,
ವರಲಕ್ಷ್ಮಿ

ಕಾಗದ ಮಡಿಸಿದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ಅಮ್ಮನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗೇ ಬೈಯುತ್ತಾಳೆ, "ಮಗಾ ಅದು, ಏನೋ ಗೊತ್ತಾಗ್ದೆ ಮಾಡ್ಬುಟ್ಟದೆ" ಎಂದು. ನಿನಗೆ ಕಳಿಸಲು ಹುಚ್ಚೆಳ್ಳು ಚಟ್ನಿಪುಡಿ ಕುಟ್ಟುತ್ತಿದ್ದವಳು ನಿನ್ನೆ ಇದ್ದಕ್ಕಿದ್ದ ಹಾಗೆ ಒನಕೆ ನಿಲ್ಲಿಸಿ ಕೇಳಿದಳು: "ವರಾ, ಸುಧಾ ಊರಿಗೆ ಬಂದಾಗ ಅವಳ ಮುಂದೆ ಏನೇನ್ ಮಾತಾಡ್ಬಾರ್ದು ಅಂತ ನಂಗೆ ಒಸಿ ಹೇಳ್ಕೊಟ್ಟಿರು. ನನ್ ಬಾಯಿ ಸುಮ್ಕಿರಲ್ಲ."