ತಿಪ್ಪೆ ಅಂತ ಹೆಸರಿಟ್ಟ ಕೆಲಸ

ಬಿಳಿಗೆರೆ
ಸೋಮವಾರ ಸಂಜೆ

ಇನ್ನೂ ಮುಖ ತೋರಿಸದ ನನ್ನ ಕಂದಾ,

ಇವತ್ತು ಮಧ್ಯಾಹ್ನ ನೀನು ಒದ್ದೆಯಲ್ಲ, ಅದು ನನ್ನ ಎದೆ ಹೊಡೆದುಕೊಂಡ ಸದ್ದಿಗೇ ಇರಬೇಕು. ಹೆದರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನಮ್ಮನಿಗೆ ಆಗಿರುವ ಗಾಬರಿ ಇನ್ನೂ ಇಳಿದಿಲ್ಲ. ನಿನ್ನಪ್ಪ ತಿಲಕ್ ಕಿಬ್ಬನಹಳ್ಳಿಯ ಪಂಪ್‌ಸೆಟ್ ಅಂಗಡಿ ಮುಚ್ಚಿ ಬರುವುದಕ್ಕೆ ಇನ್ನೂ ಹೊತ್ತಿದೆ. ಅವರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾರೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿನಗಿಂತ ಮುಂಚೆ ಈ ಹೊಟ್ಟೆಗೆ ಇಬ್ಬರು ಬಂದಿದ್ದರು. ಇಬ್ಬರೂ ನಿಲ್ಲಲಿಲ್ಲ. ಸುದ್ದಿ ತಿಳಿದ ದಿನವೇ ನಾನು ಇಬ್ಬರಿಗೂ ಚೆಂದದ ಹೆಸರು ಆರಿಸಿಟ್ಟು, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ. ಆ ಹೆಸರುಗಳನ್ನು ಇಲ್ಲಿ ಬರೆಯಲು ನನ್ನ ಕೈಲಾಗುವುದಿಲ್ಲ. ನೀನು ನಿಲ್ಲಬೇಕು. ನನಗೆ ಈಗ ಬೇಕಿರುವುದು ಇದೊಂದೇ.

ನಿನ್ನಜ್ಜಿ ನಿಂಗಮ್ಮ ಇದಕ್ಕೆ ಒಂದೇ ದಾರಿ ಅಂತ ಪಟ್ಟು ಹಿಡಿದಿದ್ದಾರೆ. ಹುಟ್ಟಿದ ಮೇಲೆ ನಿನ್ನನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಬೇಕಂತೆ. ಗಂಡಾದರೆ ತಿಪ್ಪಯ್ಯ, ಹೆಣ್ಣಾದರೆ ತಿಪ್ಪಮ್ಮ ಅಂತ ಕರೆಯಬೇಕಂತೆ. ಇದು ಯಾರಿಗೂ ಬೇಡದ ಕಸ ಅಂದುಕೊಂಡು ಜವರಾಯ ಮುಖ ತಿರುಗಿಸಿ ಹೋಗುತ್ತಾನಂತೆ. ಹೋದ ವಾರ ಈ ಮಾತು ಬಂದಾಗ ನಾನು ಊಟದ ತಟ್ಟೆ ಸರಿಸಿ ಎದ್ದುಬಿಟ್ಟೆ. ಯಾವ ಕಾಲದಲ್ಲಿದ್ದೀರಿ ಅತ್ತೆ, ಆಸ್ಪತ್ರೆ ಇದೆ, ಸ್ಕ್ಯಾನಿಂಗ್ ಇದೆ, ನನ್ನ ಮಗುವನ್ನು ತಿಪ್ಪೆ ಅಂತ ಕರೆಯುವ ಬಾಯಿ ನನಗಿಲ್ಲ ಅಂತ ರೇಗಿದೆ.

ರೇಗದೆ ಇನ್ನೇನು ಮಾಡಲಿ ಹೇಳು. ನನ್ನ ಕೆಲಸವೇ ಹೆಸರಿನ ಮೇಲೆ ನಿಂತಿದೆ. ತಿಪಟೂರಿನಲ್ಲಿ ಅಕ್ಬರ್ ಪಾಷಾ ಅವರ ಟೈಲರ್ ಅಂಗಡಿಯ ಮಹಡಿಯಲ್ಲಿ ನಮ್ಮ ಆಫೀಸು. ಮೊಬೈಲಿನಲ್ಲಿ ತೆಂಗಿನಮರದ ಫೋಟೋ ತೆಗೆದರೆ ಅದಕ್ಕೆ ಯಾವ ರೋಗ ಅಂತ ಹೇಳುವ ಪ್ರೋಗ್ರಾಂ ಬರೆಯುತ್ತೇವೆ. ಎಲ್ಲರೂ ಒಂದೇ ಸಲ ಅದಕ್ಕೆ ಕೈ ಹಾಕಿದರೆ ಕಲಸುಮೇಲೋಗರ ಆಗುತ್ತದೆ. ಹಾಗಾಗಿ ಒಬ್ಬೊಬ್ಬರೂ ಅದರ ಒಂದು ಪ್ರತಿಯನ್ನು ಪಕ್ಕಕ್ಕೆ ತೆಗೆದುಕೊಂಡು ತಮ್ಮ ಪಾಲಿನ ಕೆಲಸ ಮಾಡಿ, ಮುಗಿದ ಮೇಲೆ ಮುಖ್ಯದ್ದಕ್ಕೆ ಸೇರಿಸುತ್ತಾರೆ. ಆ ಪಕ್ಕದ ಪ್ರತಿಗೆ ಬ್ರಾಂಚ್ ಅಂತಾರೆ, ಎಲ್ಲರ ಬ್ರಾಂಚುಗಳನ್ನೂ ಆಫೀಸಿನ ಒಂದೇ ಜಾಗದಲ್ಲಿ ಕೂಡಿಟ್ಟಿರುತ್ತೇವೆ. ಕೆಲಸವನ್ನು ಉಳಿಸಿದಾಗೆಲ್ಲ ಏನು ಮಾಡಿದೆ, ಯಾಕೆ ಮಾಡಿದೆ ಅಂತ ಒಂದು ಸಾಲು ಬರೆಯಬೇಕು. ಅದು ಕಮಿಟ್ ಮೆಸೇಜ್.

ನಮ್ಮವರೋ, ಬ್ರಾಂಚಿಗೆ "ನೋಡೋಣ" ಅಂತ ಹೆಸರಿಡೋರು. "ಫೈನಲ್" ಅಂತ ಒಂದು, "ಫೈನಲ್ ಎರಡು" ಅಂತ ಇನ್ನೊಂದು, "ಇದೇ ಫೈನಲ್ ದೇವ್ರಾಣೆ" ಅಂತ ಮತ್ತೊಂದು. ಮೆಸೇಜು ನೋಡಿದರೆ "ಸರಿ ಮಾಡಿದೆ" ಅಂತ ಅಷ್ಟೇ. ಏನನ್ನು ಸರಿ ಮಾಡಿದೆಯಪ್ಪಾ? ಕೊನೆಗೆ ನಾನೇ ಕೂತು ನಿಯಮ ಬರೆದೆ. ಬ್ರಾಂಚಿನ ಹೆಸರಲ್ಲಿ ಮೊದಲು ಅದು ಹೊಸ ಕೆಲಸವೋ ರಿಪೇರಿಯೋ ಅಂತಿರಬೇಕು, ಆಮೇಲೆ ಕೆಲಸದ ನಂಬರು, ಆಮೇಲೆ ಚಿಕ್ಕದಾಗಿ ಅದೇನು ಅಂತ. ಮೆಸೇಜು ಓದಿದರೆ ಮುಂದೆ ಎಂದೋ ಬರುವ ಹೊಸಬರಿಗೂ ಅರ್ಥವಾಗಬೇಕು. ಸುಳ್ಳು ಹೆಸರು ಇಡಕೂಡದು. ಇಷ್ಟನ್ನೂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬೆನ್ನ ಹಿಂದೆ ನನ್ನನ್ನು ಹೆಸರಿನ ಹೆಡ್‌ಮೇಡಂ ಅಂತಾರೆ, ಗೊತ್ತು. ಅನ್ನಲಿ ಬಿಡು.

ಹೆಸರು ಸರಿ ಮಾಡಿಕೊಳ್ಳದ ಬ್ರಾಂಚುಗಳನ್ನೆಲ್ಲ ಸೋಮವಾರ ಬೆಳಿಗ್ಗೆ ಗುಡಿಸಿ ಹಾಕುತ್ತೇನೆ ಅಂತ ಶುಕ್ರವಾರವೇ ಹೇಳಿದ್ದೆ. ಇವತ್ತು ಬಂದವಳೇ ಗುಡಿಸಿದೆ. ಅದರಲ್ಲಿ "ತಿಪ್ಪೆ" ಅಂತ ಒಂದಿತ್ತು. ನೋಡಿ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲೂ ಇದೇ, ಇಲ್ಲೂ ಇದೇ. ಒಳಗಿನ ಮೆಸೇಜುಗಳಾದರೂ ಏನು? "ಕಸ", "ಸುಮ್ನೆ", "ಏನೂ ಇಲ್ಲ", "ಇದೂ ಕಸ". ಕಸ ಅಂತ ಬರೆದವರೇ ಒಪ್ಪಿಕೊಂಡಿರುವಾಗ ನನ್ನದೇನು? ಅಳಿಸಿದೆ.

ಸ್ವಲ್ಪ ಹೊತ್ತಿಗೆ ಹುಚ್ಚಣ್ಣ ಬಂದ. ತುರುವೇಕೆರೆಯವನು, ನಮ್ಮಲ್ಲೆಲ್ಲ ಚುರುಕು, ಬಾಯಿಯೂ ಜೋರು. ಕಂಪ್ಯೂಟರ್ ತೆರೆದವನು ಹಾಗೇ ಕೂತುಬಿಟ್ಟ. ಏನಾಯಿತೋ ಅಂತ ಕೇಳಿದೆ. ತಿಪ್ಪೆ ಎಲ್ಲಿ ಅಕ್ಕ ಅಂದ. ಅಳಿಸಿದೆ ಅಂದೆ. ಅವನ ಲ್ಯಾಪ್‌ಟಾಪ್ ಶುಕ್ರವಾರ ಕೆಟ್ಟು ಹೆಸರು ಸರಿ ಮಾಡಲು ಆಗಿರಲಿಲ್ಲವಂತೆ, ಶನಿವಾರವಷ್ಟೇ ಅದರ ಡಿಸ್ಕ್ ಬದಲಾಯಿಸಿದ್ದರಂತೆ. ಹಳೆಯ ಡಿಸ್ಕಿನಲ್ಲಿದ್ದದ್ದೆಲ್ಲ ಹೋಗಿತ್ತು, ಬೇರೆ ಪ್ರತಿ ಅವನ ಹತ್ತಿರ ಇರಲಿಲ್ಲ.

ಅದರಲ್ಲಿ ಏನಿತ್ತು ಗೊತ್ತಾ? ತೆಂಗಿಗೆ ಕಾಂಡ ಸೋರುವ ರೋಗ ಬರುತ್ತದಲ್ಲ, ತೊಗಟೆಯಿಂದ ಕೆಂಪು ರಸ ಇಳಿಯುವುದಕ್ಕೂ ಮುಂಚೆಯೇ ಬರೀ ಗರಿಯ ಬಣ್ಣದಿಂದ ಅದನ್ನು ಹಿಡಿಯುವ ಕೆಲಸ. ನಾವೆಲ್ಲ ಇದು ಆಗುವ ಮಾತಲ್ಲ ಅಂತ ಕೈಬಿಟ್ಟಿದ್ದೆವು. ಅವನು ಮಳೆಗಾಲದಿಂದ ಇಲ್ಲಿವರೆಗೆ ಭಾನುವಾರಗಳನ್ನೆಲ್ಲ ತೋಟ ತೋಟ ಅಲೆದು, ಫೋಟೋ ತೆಗೆದು, ಮುಗಿಸುವ ಹಂತಕ್ಕೆ ತಂದಿದ್ದ. ಗಾಬರಿಯಲ್ಲಿ ಅವನ ಮೇಲೇ ಕೂಗಾಡಿದೆ. ಇಂಥ ಕೆಲಸಕ್ಕೆ ಯಾರಾದರೂ ತಿಪ್ಪೆ ಅಂತ ಹೆಸರಿಡುತ್ತಾರೇನೋ, ಎಂಜಿನಿಯರಿಂಗ್ ಓದಿದವನಲ್ಲವೇನೋ ನೀನು ಅಂತ.

ಅವನು ಮೆಲ್ಲಗೆ ಅಂದ: "ಚೆನ್ನಾಗೈತೆ ಅಂತಲೇ ಕಣಕ್ಕ ಆ ಹೆಸ್ರು ಇಟ್ಟಿದ್ದು. ಹಿಂದಿನ್ವಕ್ಕೆ ಒಳ್ಳೆ ಹೆಸ್ರಿಟ್ಟೆ, ಎಲ್ಲಾ ಅರ್ಧಕ್ಕೇ ನಿಂತೋದ್ವು. ನನ್ ಹೆಸ್ರೂ ಹಂಗೇ ಬಂದಿರೋದು. ನನ್ಗಿಂತ ಮುಂಚೆ ಹುಟ್ಟಿದ್ದೋರಿಗೆ ಚೆಂದದ ಹೆಸ್ರಿಟ್ಟಿದ್ರಂತೆ. ಉಳ್ಕಂಡಿರೋನು ನಾನೊಬ್ನೇ."

ಆ ಹೆಸರನ್ನು ದಿನಾ ಎಷ್ಟು ಸಲ ಕೂಗುತ್ತೇನೋ ಲೆಕ್ಕವಿಲ್ಲ, ಯಾಕೆ ಆ ಹೆಸರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವನ ತಾಯಿ ಎಷ್ಟು ಹೆದರಿ ಆ ಹೆಸರು ಇಟ್ಟಿರಬೇಕು!

ಊಟದ ಹೊತ್ತಿಗೆ ಪಕ್ಕದ ಮೇಜಿನ ಶಬೀನಾಳ ಕಂಪ್ಯೂಟರಿನಲ್ಲಿ ತಿಪ್ಪೆಯ ಪ್ರತಿ ಸಿಕ್ಕಿತು. ಪರೀಕ್ಷೆ ಮಾಡಿ ನೋಡಲು ಅವಳು ಇಳಿಸಿಕೊಂಡಿದ್ದಳಂತೆ. ಎಲ್ಲವೂ ಇದ್ದ ಹಾಗೇ ವಾಪಸ್ ಬಂತು. ಹುಚ್ಚಣ್ಣ ಮುಖ ತೊಳೆದುಕೊಂಡು ಬಂದು, ಈಗಲೇ ನಿಯಮದ ಪ್ರಕಾರ ಹೆಸರು ಬದಲಾಯಿಸುತ್ತೇನೆ ಅಂದ. ಬೇಡ, ಕೆಲಸ ಮುಗಿಯುವವರೆಗೂ ತಿಪ್ಪೆ ಅಂತಲೇ ಇರಲಿ ಅಂದೆ. ಹಾಗಂದವಳು ನಾನೇನಾ ಅಂತ ನನಗೇ ಅನುಮಾನ. ಶಬೀನಾ ಬಾಯಿ ಬಿಟ್ಟುಕೊಂಡು ನೋಡಿದಳು.

ಇಷ್ಟಕ್ಕೇ ಮುಗಿದಿದ್ದರೆ ನಿನಗೆ ಈ ಕಾಗದ ಬರೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶಬೀನಾ, ಬುಧವಾರ ಮಧ್ಯಾಹ್ನ ಮೀಟಿಂಗ್ ಇಟ್ಟುಕೊಳ್ಳೋಣವಾ ಅಂತ ಕೇಳಿದಳು. ಬಿಡುವಿದೆಯಾ ನೋಡಲು ಫೋನಿನ ಕ್ಯಾಲೆಂಡರ್ ತೆಗೆದೆ. ಬುಧವಾರ ನಿನ್ನ ಸ್ಕ್ಯಾನಿಂಗ್. ಆದರೆ ಆ ದಿನದ ಮೇಲೆ ನಾನು ಬರೆದುಕೊಂಡಿದ್ದು "ಗ್ಯಾಸ್ ಸಿಲಿಂಡರ್ ಬರುತ್ತೆ" ಅಂತ. ಒಂದು ಸಿಲಿಂಡರ್ ಇಳಿಸಿಕೊಳ್ಳಲು ಮಧ್ಯಾಹ್ನವಿಡೀ ಬೇಕಾ ಅಂತ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹಿಂದಕ್ಕೆ ಸರಿಸುತ್ತಾ ಹೋದೆ. ನಿನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದ ಒಂದೊಂದು ದಿನದ ಮೇಲೂ "ಹಳೆ ಪೇಪರ್ ಮಾರೋದು", "ಚಪ್ಪಲಿ ರಿಪೇರಿ" ಅಂತಲೇ ಇದೆ. ನೀನು ಬೆರಳು ಚೀಪುತ್ತಿರುವ ಆ ಕಪ್ಪುಬಿಳುಪು ಚಿತ್ರ ಇದೆಯಲ್ಲ, ಅದನ್ನು "ಹಾಳಾದ ಫೋಟೋ" ಅಂತ ಉಳಿಸಿಟ್ಟಿದ್ದೇನೆ.

ಯಾರೂ ಹೇಳಿಕೊಟ್ಟಿದ್ದಲ್ಲ ಕಂದಾ. ಬರೆದ ಕೈ ನನ್ನದೇ, ಬರೆದಾಗ ಯಾಕೆ ಅಂತ ಒಂದು ಸಲವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಅತ್ತೆ ಬಾಯಿ ತೆಗೆಯುವುದಕ್ಕೆ ಎಷ್ಟೋ ಮುಂಚೆ ನಾನೇ ನಿನ್ನನ್ನು ತಿಪ್ಪೆಯ ಮೇಲೆ ಮಲಗಿಸಿಬಿಟ್ಟಿದ್ದೆ. ಸುಳ್ಳು ಹೆಸರು ಇಡಕೂಡದು ಅಂತ ಊರಿಗೆ ಬುದ್ಧಿ ಹೇಳುವವಳ ಒಳಗೆ ಇಷ್ಟೊಂದು ಭಯ ಕೂತಿದ್ದು ನನಗೇ ಗೊತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ.

ಬೇಗನೆ ಬಸ್ಸು ಹಿಡಿದು ಮನೆಗೆ ಬಂದೆ. ನಿನ್ನಜ್ಜಿ ಜಗಲಿಯಲ್ಲಿ ಕೂತು ತೆಂಗಿನಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಅವರ ಪಕ್ಕ ಕುಸಿದೆ. ನೀವು ಹೇಳಿದ ಹೆಸರೇ ಇಡೋಣ ಅತ್ತೆ, ಈ ಮಗು ಒಂದು ಉಳಿದರೆ ಸಾಕು ಅಂದೆ.

ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಬೆಚ್ಚಿಬಿದ್ದು, ಕೈಯಲ್ಲಿದ್ದ ಚಾಕು ಅತ್ತ ಎಸೆದು, ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಬಿಟ್ಟರು. ಆಮೇಲೆ ಯಾರೂ ಇಲ್ಲದ ಅಂಗಳದ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಯಾವ್ ಮಗು? ನಮ್ಮನೇಲಿ ಯಾವ್ ಮಗೂ ಇಲ್ಲ. ಇವ್ಳು ಜಾಸ್ತಿ ಉಂಡು ಹೊಟ್ಟೆ ಬೆಳ್ಸವ್ಳೆ, ಅಷ್ಟೇಯ."

ಜವರಾಯ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾನೋ ಅನ್ನುವ ಹಾಗೆ ಅಂಗಳವನ್ನೇ ನೋಡುತ್ತಾ, ನನ್ನ ಬಾಯಿಯ ಮೇಲಿದ್ದ ಆ ಕೈಯನ್ನು ಎಷ್ಟೋ ಹೊತ್ತು ತೆಗೆಯಲೇ ಇಲ್ಲ.

ನಾನು ಇದನ್ನೆಲ್ಲ ನಂಬುವುದಿಲ್ಲ, ತಿಳಿಯಿತಾ? ಮಾತ್ರೆಗಳನ್ನು ಹೊತ್ತು ಹೊತ್ತಿಗೆ ನುಂಗುತ್ತೇನೆ, ಬುಧವಾರ ಡಾಕ್ಟರು ಹೇಳಿದ್ದನ್ನೆಲ್ಲ ಕೇಳುತ್ತೇನೆ. ಆದರೂ ನೂರು ವರ್ಷ ಬಾಳು ಅಂತ ಇಲ್ಲಿ ಬರೆಯಲು ಹೋದೆ, ಕೈ ಮುಂದಕ್ಕೆ ಹೋಗಲಿಲ್ಲ. ಹಾಗಾಗಿ ನಿನಗೆ ಆಶೀರ್ವಾದ ಇಲ್ಲ. ನಿನ್ನ ದಾರಿ ಇಲ್ಲಿ ಯಾರೂ ಕಾಯುತ್ತಿಲ್ಲ. ನೀನು ಯಾರಿಗೂ ಬೇಕಾಗಿಲ್ಲ.

ಇಂತಿ,
ಯಾರ ತಾಯಿಯೂ ಅಲ್ಲದ
ಸುನಂದಾ