ರಾಲ್ಫ್ ಬರೆದ ಜೋಕ್

ಮಾರ್ಚ್ 3, ಸೋಮವಾರ
ಬೆಳಗಿನಿಂದ ಆರು ಪತ್ರಿಕೆ, ನಾಲ್ಕು ಲೋಟ ಟೀ. ವಾರದ ಸುದ್ದಿಯನ್ನೆಲ್ಲ ಗೇಲಿ ಮಾಡುವ ಟಿವಿ ಶೋ ನಮ್ಮದು — ಗುರುವಾರ ರೆಕಾರ್ಡಿಂಗ್, ಶುಕ್ರವಾರ ಪ್ರಸಾರ. ಒಂದು ಜೋಕೂ ಹುಟ್ಟಲಿಲ್ಲ. ಎದುರಿನ ಕುರ್ಚಿ ಖಾಲಿ. ಹತ್ತೊಂಬತ್ತು ವರ್ಷ ಜೊತೆಗೆ ಬರೆದ ರಾಲ್ಫ್ ಆಸ್ಪತ್ರೆಯಲ್ಲಿ. ಇನ್ನು ಕೆಲವೇ ವಾರ ಅಂದಿದ್ದಾರೆ ಡಾಕ್ಟರು... ಅವನಿಗಿರುವುದು ಒಂದೇ ಆಸೆ: ಶುಕ್ರವಾರ ಟಿವಿಯಲ್ಲಿ ತನ್ನದೊಂದು ಜೋಕ್ ಕೇಳಬೇಕು. ಫೋನಿನಲ್ಲಿ ಹೇಳಿ ಬರೆಸಿದ:
"ಕ್ರಿಸ್‌ಮಸ್ ಹೊತ್ತಿಗೆ ರೈಲುಗಳು ಟೈಮಿಗೆ ಸರಿಯಾಗಿ ಓಡ್ತವೆ ಅಂದಿದಾರೆ ಸಾರಿಗೆ ಮಂತ್ರಿಗಳು. ಯಾವ ವರ್ಷದ ಕ್ರಿಸ್‌ಮಸ್ ಅಂತ ಹೇಳಿಲ್ಲ."

ಮಾರ್ಚ್ 6, ಗುರುವಾರ
ರೆಕಾರ್ಡಿಂಗಿಗೆ ಎರಡು ಗಂಟೆ ಇರುವಾಗ ಮಂತ್ರಿ ರಾಜೀನಾಮೆ ಬಿಸಾಕಿದ! ನಮ್ಮ ಕಸುಬಿನಲ್ಲಿ ಬೆಳಗಿನ ಜೋಕ್ ಸಂಜೆಗೆ ಹಳಸುತ್ತದೆ. ರಾಲ್ಫ್‌ನ ಜೋಕಿನ ಕೊನೆಯ ಸಾಲು ಬದಲಿಸಿದೆ: "ಅಂತೂ ಒಂದಾದ್ರೂ ಟೈಮಿಗೆ ಸರಿಯಾಗಿ ಹೊರಡ್ತು — ಮಂತ್ರಿ." ಜನ ಬಿದ್ದು ಬಿದ್ದು ನಕ್ಕರು.
ರಾಲ್ಫ್‌ನನ್ನು ಕೇಳಲೇ ಇಲ್ಲ.

ಮಾರ್ಚ್ 8, ಶನಿವಾರ
ಆಸ್ಪತ್ರೆಗೆ ದ್ರಾಕ್ಷಿ ಒಯ್ದೆ. ರಾಲ್ಫ್ ಮುಟ್ಟಲಿಲ್ಲ.
"ನರ್ಸ್ ನಕ್ಕಳು ಕಣೇ, ನೆರಿಸ್. ನಿನ್ನ ಸಾಲಿಗೆ."
"ಮಂತ್ರಿ ಹೋದ್ಮೇಲೆ ನಿನ್ನ ಜೋಕ್ ಸತ್ತೋಯ್ತು, ಏನ್ ಮಾಡ್ಲಿ?"
"ಸಾಯೋಕೆ ಬಿಡ್ಬೇಕಿತ್ತು. ಸತ್ರೂ ನಂದಾಗಿರ್ತಿತ್ತು."
ಉಪಕಾರ ಮಾಡಲು ಹೋಗಿ ಅವನದನ್ನೇ ಕಿತ್ತುಕೊಂಡಿದ್ದೆ. ಇನ್ನೊಂದು ಕೊಡು, ಒಂದಕ್ಷರ ಮುಟ್ಟುವುದಿಲ್ಲ ಅಂದೆ.

ಮಾರ್ಚ್ 13, ಗುರುವಾರ
ಅವನು ಕೊಟ್ಟದ್ದು: "ಆಸ್ಪತ್ರೆಗಳಲ್ಲಿ ಕಾಯೋರ ಪಟ್ಟಿ ಚಿಕ್ಕದಾಗಿದೆ ಅಂತಾರೆ ಸರ್ಕಾರದೋರು. ನಿಜಾನೇ. ನಮ್ ವಾರ್ಡಲ್ಲೇ ಈ ವಾರ ಇಬ್ರು ಕಾಯೋದು ಬಿಟ್ರು."
ನಿರ್ಮಾಪಕಿ ಫಿಲಿಪ್ಪಾ ಮುಖ ಕಿವುಚಿದಳು. "ಜನ ನಗೋಕೆ ಬಂದಿರ್ತಾರಮ್ಮ. ಸ್ವಲ್ಪ ತಿದ್ದು."
"ತಿದ್ದಲ್ಲ. ಬೇಕಾದ್ರೆ ಈ ವಾರದ ನನ್ನ ನಾಲ್ಕೂ ಜೋಕ್ ತೆಗಿ."
ತೆಗೆದಳು, ಪುಣ್ಯಾತ್ಗಿತ್ತಿ — ನಾಲ್ಕನ್ನೂ. ರಾಲ್ಫ್‌ನದು ಉಳಿಯಿತು. ಸ್ಟುಡಿಯೋದಲ್ಲಿ ಮುನ್ನೂರು ಜನ. ಒಬ್ಬರೂ ನಗಲಿಲ್ಲ. ಯಾರೋ ಕೆಮ್ಮಿದರು.

ಮಾರ್ಚ್ 14, ಶುಕ್ರವಾರ
ಬೇರೆ ಕಡೆ ರೆಕಾರ್ಡ್ ಮಾಡಿದ ನಗು ಅಂಟಿಸೋಣವಾ ಎಂದು ಎಡಿಟಿಂಗಿನವರು ಕೇಳಿದರು. ಬೇಡ ಅಂದೆ. ಅವನದು ಅವನದಾಗಿಯೇ ಇರಲಿ.
ಜೊತೆಗೆ ಕೂತು ನೋಡೋಣವೆಂದು ಶೋ ಶುರುವಾಗುವ ಹೊತ್ತಿಗೆ, ಏಳಕ್ಕೆ, ವಾರ್ಡಿಗೆ ಹೋದೆ. ಹಾಸಿಗೆ ಖಾಲಿ. ನಾಲ್ಕಕ್ಕೆ ಜೀವ ಹೋಯಿತಂತೆ. ಫೋನ್ ಮಾಡಿದ್ದರಂತೆ — ಎಡಿಟಿಂಗ್ ಕೋಣೆಯಲ್ಲಿ ಆಫ್ ಮಾಡಿದ್ದವಳು ಮತ್ತೆ ಆನ್ ಮಾಡಿರಲೇ ಇಲ್ಲ.
ಅಲ್ಲೇ ಕೂತೆ. ವಾರ್ಡಿನ ಉಳಿದ ಮೂವರು ಮುದುಕರು ಟಿವಿ ಹಾಕಿದ್ದರು. ಜೋಕ್ ಬಂತು. ಟಿವಿಯಲ್ಲಿ ಅದೇ ಮೌನ.
ಮೂವರೂ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಕಿಟಕಿ ಪಕ್ಕದವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ನಮ್ ರಾಲ್ಫ್‌ದೇ ಅಲ್ವೇನಮ್ಮ ಇದು?"
ಹೌದು ಅಂದೆ. ಪೂರ್ತಿ ಅವನದೇ ಅಂದೆ. ಅಳು ತಡೆಯಲಾಗಲಿಲ್ಲ. ಕೇಳಿಸುತ್ತಿತ್ತಲ್ಲೋ ನಿನಗೂ, ಇನ್ನು ಮೂರೇ ಮೂರು ಗಂಟೆ ಇದ್ದಿದ್ದರೆ —