ಓಗೊಡಲಾಗದ ಹೆಸರು

ರಾಮಮೂರ್ತಿ ನಗರ, ಬೆಂಗಳೂರು
18 ಫೆಬ್ರವರಿ 2025

ಗೆಳೆಯ ಅಕ್ತರನಿಗೆ ಸಲಾಂ.

ನಿನ್ನ ಕಾಗದ ಸಂಕ್ರಾಂತಿಗೆ ಮುಂಚೆಯೇ ಬಂದಿತ್ತು. ಉತ್ತರ ಬರೆಯಲಿಲ್ಲವೆಂದು ನನ್ನನ್ನು ಬೈದುಕೊಂಡಿರುತ್ತೀಯ, ಬೈದುಕೋ. ನಿನ್ನ ಕಿವಿ ಸರಿಯಾಗಿದ್ದಿದ್ದರೆ ಅಂದೇ ಫೋನ್ ಮಾಡುತ್ತಿದ್ದೆ. ಆದರೆ ಇದು ಫೋನಿನಲ್ಲಿ ಕೂಗಿ ಹೇಳುವ ಸುದ್ದಿಯಲ್ಲ.

ಅದೇ ಹೊತ್ತಿಗೆ ನಮ್ಮ ಮನೆಯಾಕೆ ಮಾರಕ್ಕನಿಗೆ ಸ್ಟ್ರೋಕ್ ಆಯಿತು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಜೀವ ಉಳಿಯಿತಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ನಡೆಯಿತು.

ನಿನಗೆ ಗೊತ್ತಲ್ಲ, ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಸವೆಯುತ್ತದಂತೆ. ಬೇರೆ ಹೆಂಗಸರು ರೇಷನ್ ಕಾರ್ಡು ಮಾಡಿಸುವಾಗಲಾದರೂ ನಾಚಿಕೊಂಡು ಹೇಳಿಬಿಡುತ್ತಾರೆ. ಮಾರಕ್ಕ ಅದಕ್ಕೂ ಬಗ್ಗಿದವಳಲ್ಲ. ಆಂಜನೇಯನ ಗುಡಿ ಅವಳಿಗೆ ‘ವಡೆಹಾರದ ದೇವರ ಗುಡಿ’. ಹೆತ್ತ ಮಗ ಮುನಿರಾಜನನ್ನೂ ‘ರಾಜ’ ಎಂದೇ ಕರೆದು ಸಾಕಿದಳು. ಸೊಪ್ಪು ಹೊತ್ತು ರಸೆಲ್ ಮಾರುಕಟ್ಟೆಗೆ ಬಂದಾಗ ನಿನ್ನ ಅಂಗಡಿ ಮುಂದೆ ನಿಂತು, “ಅಕ್ತರಣ್ಣ, ನಮ್ಮೋರು ಬಂದ್ರಾ?” ಎನ್ನುತ್ತಿದ್ದಳು. “ನಿಮ್ಮೋರು ಅಂದ್ರೆ ಯಾರಮ್ಮಾ? ಹೆಸ್ರು ಹೇಳು” ಎಂದು ನೀನು ಬೇಕೆಂದೇ ಕಾಡುತ್ತಿದ್ದೆ.

ಅಂಥವಳು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳು. ಮಗ ಬಗ್ಗಿ, “ಅವ್ವಾ, ನೀರ್ ಬೇಕಾ?” ಎಂದ. ಅವಳ ತುಟಿ ಅಲುಗಿತು.

“ಮುನಿಆಂಜನಪ್ಪಾ” ಎಂದಳು.

ನನ್ನ ಹೆಸರು! ಇಡೀ ವಾರ್ಡಿಗೆ ಕೇಳುವಂತೆ! ಮುನಿರಾಜ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಅವಳೇ. ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಕೈ ತೆಗೆದು ಏನೋ ಹೇಳಹೋದಳು, ಮತ್ತೆ ಅದೇ ಬಂತು. ಅವಳ ಕಣ್ಣಲ್ಲಿ ಆಗ ಕಂಡ ಭಯವನ್ನು ಇವತ್ತಿಗೂ ನನಗೆ ಮರೆಯಲಾಗಿಲ್ಲ.

ಮಾತಿನ ಚಿಕಿತ್ಸೆ ಮಾಡುವ ಹುಡುಗಿ ಶೀಬಾ ಬಂದು ನೋಡಿದಳು. “ಕೆಲವ್ರಿಗೆ ಹಿಂಗಾಗುತ್ತೆ ತಾತಾ. ಒಂದೇ ಒಂದ್ ಮಾತು ಉಳ್ಕೊಂಡಿರುತ್ತೆ, ಏನ್ ಹೇಳೋಕೆ ಹೋದ್ರೂ ಅದೇ ಬರುತ್ತೆ. ಬರ್ಲಿ ಬಿಡಿ. ಈಗ ಬಾಯಿ ಆಡಿಸ್ತಾ ಇದ್ರೇನೇ ಬೇರೆ ಮಾತೂ ವಾಪಸ್ ಬರೋದು. ಸುಮ್ನಾಗ್ಬಿಟ್ರೆ ಕಷ್ಟ” ಎಂದಳು.

ಮಾರಕ್ಕ ಸುಮ್ಮನಾಗಿಬಿಟ್ಟಳು. ಬಾಯಿ ಬಿಟ್ಟಾಗಲೆಲ್ಲ ಗಂಡನ ಆಯಸ್ಸು ತಿನ್ನುತ್ತಿದ್ದೇನೆ ಎಂದು ಅವಳ ಲೆಕ್ಕ. ಮನೆಗೆ ಬಂದ ಮೇಲೂ ಅಷ್ಟೇ. ಬಾಯಾರಿದರೂ ತುಟಿ ಬಿಗಿದು ಕೂರುವಳು, ಶೀಬಾ ಬಂದರೆ ಗೋಡೆ ಕಡೆ ತಿರುಗುವಳು. ನನಗೆ ತಲೆ ಕೆಟ್ಟುಹೋಯಿತು. “ನಾನ್ ಸತ್ರೆ ಸಾಯ್ತೀನಿ, ನೀನು ಮಾತಾಡೇ!” ಎಂದು ಕೂಗಾಡಿದೆ. ಅತ್ತಳೇ ಹೊರತು ಬಾಯಿ ತೆರೆಯಲಿಲ್ಲ.

ಮೊಮ್ಮಗಳು ನಿಖಿತಾ ಈ ವರ್ಷ ಭಾಷಾವಿಜ್ಞಾನಕ್ಕೆ ಸೇರಿದ್ದಾಳೆ. ಮನುಷ್ಯನಿಗೆ ಮಾತು ಎಲ್ಲಿಂದ ಬಂತು ಎನ್ನುವುದೇ ಮೊದಲ ಪಾಠವಂತೆ. ಕೂಗಿನಿಂದ ಬಂತು ಎಂದು ಕೆಲವರು, ಕೈಸನ್ನೆಯಿಂದ ಎಂದು ಕೆಲವರು. ಖಚಿತವಾಗಿ ಯಾರಿಗೂ ಗೊತ್ತಿಲ್ಲವಂತೆ. ‘ಗೊತ್ತಿಲ್ಲ ಅನ್ನೋದನ್ನ ಕಲಿಯೋಕೆ ಕಾಲೇಜು ಬೇರೆ ಬೇಕಾ’ ಎಂದು ಅವಳನ್ನು ರೇಗಿಸುತ್ತಿದ್ದೆ. ನಾನು ಕೂಗಾಡಿದ ದಿನ ಅವಳು ನನ್ನ ಪಕ್ಕ ಬಂದು ಕೂತಳು.

“ತಾತ, ನೀರು ಅನ್ನೋ ಶಬ್ದದಲ್ಲಿ ಒಂದ್ ತೊಟ್ಟೂ ನೀರಿಲ್ಲ. ನಾವು ನೀರು ಅಂತೀವಿ, ಪಕ್ಕದ್ಮನೆಯವ್ರು ತಣ್ಣಿ ಅಂತಾರೆ, ಅಕ್ತರ್ ತಾತ ಪಾನಿ ಅಂತಾರೆ. ಎಲ್ರೂ ಒಪ್ಕೊಂಡಿರೋದಕ್ಕೆ ನಡೀತಿದೆ, ಅಷ್ಟೆ. ಹೆಸ್ರೂ ಹಂಗೇ. ಆದ್ರೆ ಅಜ್ಜಿ ಇದನ್ನ ನಂಬಲ್ಲ.”

ನಂಬುವುದಿಲ್ಲ, ನಿಜ. ಆದರೆ ಎಲ್ಲರೂ ಒಪ್ಪಿದ್ದಕ್ಕೇ ಅದು ನನ್ನ ಹೆಸರಾಗಿದ್ದರೆ, ಎಲ್ಲರೂ ಸೇರಿ ಅದನ್ನು ಬಿಡಿಸಲೂಬಹುದಲ್ಲ? ಅವಳ ನಂಬಿಕೆ ಬದಲಾಗದಿದ್ದರೆ ನನ್ನ ಹೆಸರೇ ಬದಲಾಗಲಿ ಎಂದುಕೊಂಡೆ.

ಮಾರಕ್ಕನ ಎದುರಿಗೇ ಮಣೆ ಹಾಕಿಸಿ ಕೂತೆ. ಈ ವಯಸ್ಸಿನಲ್ಲಿ ನನಗೆ ನಾಮಕರಣ! ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆಯನ್ನು ಎಲ್ಲಿಂದ ತರಲಿ, ನಿಖಿತಾಳೇ ಹೇಳಿದಳು: ವೆಂಕಟಸ್ವಾಮಿ. “ಜನ ನಗ್ತಾರಪ್ಪಾ” ಎಂದು ಮುನಿರಾಜ ಗೊಣಗಿದ. ನಗಲಿ ಎಂದೆ. ಬಾಡಿಗೆಯವರು, ಬೀದಿಯವರು ಒಬ್ಬೊಬ್ಬರಾಗಿ ಬಂದು ಸಕ್ಕರೆ ತಿಂದು, ಅವಳ ಮುಂದೆಯೇ “ವೆಂಕಟಸ್ವಾಮಣ್ಣ” ಎಂದು ನನ್ನನ್ನು ಕರೆದು ಹೋದರು. “ಹಳೇ ಹೆಸ್ರು ಇನ್ಮೇಲೆ ಯಾರ್ದೂ ಅಲ್ಲ ಕಣೇ” ಎಂದೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು.

ಮರುದಿನ ಬೆಳಿಗ್ಗೆ ತಂಬಿಗೆ ಕಡೆ ಕೈ ತೋರಿಸಿದಳು. ನನ್ನ ಮುಖ ನೋಡುತ್ತಲೇ ಮೆಲ್ಲಗೆ “ಮುನಿಆಂಜನಪ್ಪ” ಎಂದಳು. ನೀರು ಕೊಟ್ಟೆ. ಕುಡಿದಳು. ನನಗೆ ಏನೂ ಆಗಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಇನ್ನೊಂದು ಸಲ ಎಂದಳು.

ಈಗ ದಿನವಿಡೀ ಅದೇ. ಮುದ್ದೆ ಬೇಕೆನ್ನುವುದೂ ಅದೇ, ಟಿ.ವಿ. ಆರಿಸು ಎನ್ನುವುದೂ ಅದೇ, ಮುನಿರಾಜನಿಗೆ ಬೈಯುವುದೂ ಅದೇ. ದನಿಯ ಏರಿಳಿತದಲ್ಲೇ ನಮಗೆ ಅರ್ಥವಾಗುತ್ತದೆ. ಮೊನ್ನೆ ನೀರು ಕೇಳುವಾಗ ನಡುವೆ “ನೀ...” ಎಂದು ಒಂದು ಚೂರು ಬಂತು. ಶೀಬಾ ಚಪ್ಪಾಳೆ ತಟ್ಟಿಬಿಟ್ಟಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಮಾತ್ರೆ ಬಿಡಬೇಡ. ಶಂಶುನ್ನೀಸಾ ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿಮ್ಮಿಬ್ಬರ ಮಾತುಕತೆ, ಜಗಳ ಎಲ್ಲವೂ ಕೊನೆತನಕ ಹೀಗೇ ಇರಲಿ.

ನಿನ್ನ
ವೆಂಕಟಸ್ವಾಮಿ

ತಾ.ಕ.: ಮದುವೆಯಾದ ಹೊಸದರಲ್ಲಿ, ಹೊಲದ ಬದುವಿನ ಮೇಲೆ ಯಾರೂ ಇಲ್ಲದಾಗ, “ಒಂದೇ ಒಂದ್ಸಲ ನನ್ನ ಹೆಸ್ರು ಹಿಡ್ದು ಕರಿಯೇ” ಎಂದು ಅವಳನ್ನು ಗೋಗರೆದಿದ್ದೆ. ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆ ಆಸೆ ನನಗೆ ಹೋಗಿರಲೇ ಇಲ್ಲ. ಈಗ ಬೆಳಗಾದರೆ ಕರೆಯುತ್ತಾಳೆ. ನೀರಿಗೆ, ಊಟಕ್ಕೆ ಓಡುತ್ತೇನೆ, ಹೆಸರಿಗೆ ಮಾತ್ರ ಓಗೊಡುವಂತಿಲ್ಲ; ಓಗೊಟ್ಟರೆ ಅದು ಮತ್ತೆ ನನ್ನದಾಗಿಬಿಡುತ್ತದಲ್ಲ. ಒಂದು ಸಲ ಬಾಯಿತಪ್ಪಿ “ಓ” ಎಂದುಬಿಟ್ಟೆ. ಸಂಜೆವರೆಗೂ ಅವಳು ತುಟಿ ಬಿಚ್ಚಲಿಲ್ಲ. ನೀನು ಉತ್ತರ ಬರೆಯುವಾಗ ಕವರಿನ ಮೇಲೆ ಹೊಸ ಹೆಸರನ್ನೇ ಬರೆ. ಒಳಗೆ ಎಲ್ಲಾದರೂ ಒಂದು ಕಡೆ ಹಳೆಯ ಹೆಸರಿನಲ್ಲಿ ಕರೆ. ಹಿತ್ತಲಿಗೆ ಹೋಗಿ ಓದಿಕೊಂಡು ಓ ಎನ್ನುತ್ತೇನೆ.